ಕೈಕೆಲಸ ಬಲ್ಲವನಿಗೆ ಮೇಲ್ವಿಚಾರಣೆಯ ಪಾಠ



ಆಳಾಗಬಲ್ಲವನು ಅರಸಾಗಬಲ್ಲ ಎಂಬ ಗಾದೆ ನಮ್ಮ ಹಿರಿಯರದು. ಆದರೆ ಕಾರ್ಖಾನೆಗಳ ಚರಿತ್ರೆಯನ್ನು ನೋಡಿದರೆ ಆ ಗಾದೆಗೆ ಒಂದು ಮಾತು ಸೇರಿಸಬೇಕು ಅನ್ನಿಸುತ್ತದೆ. ಅರಸಾಗುವುದನ್ನೂ ಕಲಿಯಬೇಕಾಗುತ್ತದೆ. ಲೇತ್ ಯಂತ್ರದ ಮುಂದೆ ಹತ್ತು ವರ್ಷ ನಿಂತು ಒಳ್ಳೆಯ ಹೆಸರು ಪಡೆದವನನ್ನು ಒಂದು ದಿನ ಕರೆದು, ನಾಳೆಯಿಂದ ನೀನೇ ಸೂಪರ್‌ವೈಸರ್ ಎನ್ನುತ್ತಾರೆ. ಅವನಿಗೆ ಕಬ್ಬಿಣದ ಗುಣ ಗೊತ್ತು. ಕೈಕೆಳಗಿನ ಇಪ್ಪತ್ತು ಜನರ ಗುಣ ಗೊತ್ತೇ? ಇಂಥವರಿಗೆ ಜನರನ್ನು ನಡೆಸಿಕೊಳ್ಳುವ ವಿದ್ಯೆಯನ್ನು ಕ್ರಮವಾಗಿ ಕಲಿಸತೊಡಗಿದ್ದು ಯಾವಾಗ, ಹೇಗೆ ಎಂಬುದೇ ಈ ದಿನದ ವಿಷಯ.

ಮೊದಲು ನಮ್ಮ ಕಡೆಯ ಮಾತು. ಸೊಲ್ಲಾಪುರದಲ್ಲಿ 1877ರಲ್ಲಿ ನೂಲಿನ ಗಿರಣಿ ಹುಟ್ಟಿತು. ಮುಂದೆ ಇನ್ನಷ್ಟು ಗಿರಣಿಗಳು ಬಂದವು. ಕನ್ನಡ, ತೆಲುಗು, ಮರಾಠಿ ಮಾತಾಡುವವರು ಅದೇ ಊರಿನಲ್ಲಿ ದುಡಿದು ಬದುಕಿದರು. ಆ ಕಾಲದ ಗಿರಣಿಗಳಲ್ಲಿ ಕೆಲಸಗಾರನ ಪಾಲಿಗೆ ದೊಡ್ಡವನೆಂದರೆ ಜಾಬರ್. ಆತ ಕೆಲಸ ಬಲ್ಲವನು, ಮಗ್ಗ ಕೆಟ್ಟರೆ ರಿಪೇರಿ ಮಾಡುವವನು. ಜೊತೆಗೆ ಆಳುಗಳನ್ನು ಸೇರಿಸುವವನೂ ಅವನೇ, ತೆಗೆಯುವವನೂ ಅವನೇ. ಕೆಲಸ ಬೇಕಾದವರು ಅವನಿಗೆ ದಸ್ತೂರಿ ಕೊಡಬೇಕಾಗಿತ್ತು. ಯಂತ್ರದ ಜ್ಞಾನಕ್ಕೆ ಕೊಟ್ಟ ಹುದ್ದೆಯೊಂದು ಜನರ ಅನ್ನದ ಮೇಲಿನ ಅಧಿಕಾರವಾಗಿ ಬೆಳೆದುಬಿಟ್ಟಿತ್ತು. 1929ರಲ್ಲಿ ನೇಮಕವಾದ ರಾಯಲ್ ಕಮಿಷನ್, ಅಂದರೆ ವಿಟ್ಲೆ ಆಯೋಗ, 1931ರ ತನ್ನ ವರದಿಯಲ್ಲಿ ಇದನ್ನು ಎತ್ತಿ ಹೇಳಿತು. ಆಳು ಸೇರಿಸುವ, ತೆಗೆಯುವ ಅಧಿಕಾರ ಜಾಬರನಿಗೆ ಬೇಡ, ಅದಕ್ಕೆ ಬೇರೆ ಲೇಬರ್ ಆಫೀಸರ್ ಇರಲಿ ಎಂದು ಸಲಹೆ ಮಾಡಿತು. ಸ್ವಾತಂತ್ರ್ಯ ಬಂದ ಮೇಲೆ, 1948ರ ಕಾರ್ಖಾನೆ ಕಾಯಿದೆಯಲ್ಲಿ, 500 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ವೆಲ್‌ಫೇರ್ ಆಫೀಸರ್ ಇರಲೇಬೇಕೆಂದಾಯಿತು.

ಆದರೆ ಕಾಯಿದೆಯಿಂದ ಆಗುವುದು ಅರ್ಧ ಕೆಲಸ ಮಾತ್ರ. ದಿನವಿಡೀ ಪಕ್ಕದಲ್ಲಿ ನಿಂತು ಕೆಲಸ ಹೇಳುವವನು ಮೇಸ್ತ್ರಿಯೇ ಹೊರತು ಆಫೀಸರ್ ಅಲ್ಲ. ಅವನಿಗೆ ಪಾಠ ಹೇಳಿದ್ದು ದೂರದ ಅಮೆರಿಕದ ಒಂದು ಯೋಜನೆ.

ಅದರ ಬೇರು ಮೊದಲನೆಯ ಮಹಾಯುದ್ಧದಲ್ಲಿದೆ. ಆಗ ಹಡಗು ಕಟ್ಟುವ ಕೆಲಸಕ್ಕೆ ಹೊಸಬರು ಸಾವಿರಗಟ್ಟಲೆ ಬಂದರು. ಚಾರ್ಲ್ಸ್ ಅಲೆನ್ ಎಂಬ ಕಸಬು ಶಿಕ್ಷಣದ ಮನುಷ್ಯ ಅವರಿಗೆ ಕಲಿಸುವುದಕ್ಕೆ ನಾಲ್ಕು ಹೆಜ್ಜೆಗಳ ಕ್ರಮ ಹಾಕಿಕೊಟ್ಟ. ಮೊದಲು ಕಲಿಯುವವನ ಮನಸ್ಸನ್ನು ಸಿದ್ಧಪಡಿಸು. ಬಳಿಕ ಕೆಲಸವನ್ನು ತೋರಿಸಿ ಹೇಳು. ಅವನ ಕೈಯಿಂದಲೇ ಮಾಡಿಸು. ಕಡೆಗೆ ಪರೀಕ್ಷಿಸು.

ಎರಡನೆಯ ಮಹಾಯುದ್ಧ ಬಂತು. 1940ರ ಆಗಸ್ಟಿನಲ್ಲಿ ಅಮೆರಿಕದ ಸರ್ಕಾರ ಟ್ರೈನಿಂಗ್ ವಿದಿನ್ ಇಂಡಸ್ಟ್ರಿ, ಚಿಕ್ಕದಾಗಿ ಟಿ.ಡಬ್ಲ್ಯು.ಐ., ಎಂಬ ಸೇವೆಯನ್ನು ಆರಂಭಿಸಿತು. ಚಾನಿಂಗ್ ಡೂಲಿ ಅದರ ನಿರ್ದೇಶಕ, ವಾಲ್ಟರ್ ಡೀಟ್ಜ್ ಅವನ ಜೊತೆಗಾರ. ನುರಿತವರು ಸೇನೆಗೆ ಹೋಗಿದ್ದರು. ಗದ್ದೆಯಿಂದ, ಅಂಗಡಿಯಿಂದ, ಅಡಿಗೆಮನೆಯಿಂದ ಬಂದ ಗಂಡಸರು ಹೆಂಗಸರು ಕಾರ್ಖಾನೆಯಲ್ಲಿ ನಿಂತಿದ್ದರು. ಅವರ ಮೇಲೆ ರಾತ್ರೋರಾತ್ರಿ ಸೂಪರ್‌ವೈಸರುಗಳಾದವರೋ ಹೇಳಿಕೊಡಲು ಬಾರದೆ ಕೂಗಾಡುತ್ತಿದ್ದರು.

ಸೂಪರ್‌ವೈಸರನಿಗೆ ಐದು ಸಂಗತಿ ಬೇಕು ಎಂದು ಡೂಲಿಯ ತಂಡ ಗುರುತಿಸಿತು. ಕೆಲಸದ ಜ್ಞಾನ ಮತ್ತು ತನ್ನ ಹೊಣೆಯ ಜ್ಞಾನ ಮೊದಲಿನ ಎರಡು. ಕಲಿಸುವ ಚಾತುರ್ಯ, ಕೆಲಸದ ರೀತಿಯನ್ನು ಸುಧಾರಿಸುವ ಚಾತುರ್ಯ, ಜನರನ್ನು ನಡೆಸುವ ಚಾತುರ್ಯ ಉಳಿದ ಮೂರು. ಮೊದಲಿನ ಎರಡನ್ನು ಆಯಾ ಕಾರ್ಖಾನೆಯೇ ಕೊಡಬೇಕು. ಉಳಿದ ಮೂರಕ್ಕೆ ಮೂರು ತರಗತಿ ತಯಾರಾದವು. ಒಂದೊಂದೂ ಎರಡೆರಡು ಗಂಟೆಯಂತೆ ಐದು ಬೈಠಕ್, ಒಟ್ಟು ಹತ್ತೇ ಗಂಟೆ. ಒಮ್ಮೆಗೆ ಹತ್ತು ಜನರ ಆಸುಪಾಸು. ಉಪನ್ಯಾಸಕ್ಕಿಂತ ಅಭ್ಯಾಸವೇ ಹೆಚ್ಚು. ಜೇಬಿನಲ್ಲಿ ಇಟ್ಟುಕೊಳ್ಳಲು ಒಂದು ಚಿಕ್ಕ ಕಾರ್ಡು. ಕೆಲಸಗಾರ ಕಲಿಯಲಿಲ್ಲವೆಂದರೆ ತಪ್ಪು ಕಲಿಸಿದವನದು ಎಂಬುದು ಅವರ ಮೂಲಮಂತ್ರ.

ಜನರನ್ನು ನಡೆಸಿಕೊಳ್ಳುವ ತರಗತಿಯನ್ನು ರೂಪಿಸುವುದೇ ಬಹಳ ಕಷ್ಟವಾಯಿತು. ಇದರ ಹಿಂದೆ ಷಿಕಾಗೋ ಹತ್ತಿರದ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಅಧ್ಯಯನಗಳ ಅನುಭವವಿತ್ತು. ಅಲ್ಲಿ 20,000ಕ್ಕೂ ಹೆಚ್ಚು ಕೆಲಸಗಾರರನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಬರೆದುಕೊಂಡಿದ್ದರು. ಮನುಷ್ಯ ಸಂಬಳಕ್ಕಷ್ಟೇ ದುಡಿಯುವುದಿಲ್ಲ, ಗೌರವ ಮತ್ತು ಜೊತೆಗಾರರ ಒಡನಾಟವೂ ಅವನಿಗೆ ಬೇಕು ಎಂಬುದು ಅದರ ತಾತ್ಪರ್ಯ.

ಆ ತರಗತಿಯ ಪಾಠ ನೋಡಿ. ಸಮಸ್ಯೆ ಬಂದಾಗ ಮೊದಲು ಸಂಗತಿ ತಿಳಿದುಕೊ. ತೂಗಿ ನೋಡಿ ತೀರ್ಮಾನಿಸು. ಆಮೇಲೆ ಕ್ರಮ ಕೈಗೊ. ಅದರ ಫಲವೇನಾಯಿತೆಂದು ತಿರುಗಿ ನೋಡು. ಸಮಸ್ಯೆಯೇ ಹುಟ್ಟದಂತೆ ಇನ್ನೂ ನಾಲ್ಕು ಮಾತು: ಕೆಲಸ ಹೇಗೆ ನಡೆದಿದೆಯೆಂದು ಅವನಿಗೆ ತಿಳಿಸು, ಒಳ್ಳೆಯದನ್ನು ಮಾಡಿದಾಗ ಮೆಚ್ಚು, ಅವನಿಗೆ ತಾಗುವ ಬದಲಾವಣೆಯನ್ನು ಮುಂಚೆಯೇ ಹೇಳು, ಅವನ ಶಕ್ತಿಯನ್ನು ಪೂರ್ತಿ ಬಳಸಿಕೊ.

ಉದಾಹರಣೆಗೆ, ಗಡಿ ಹಳ್ಳಿಯ ಹುಡುಗನೊಬ್ಬ ಹೊಸೂರಿನ ಕಾರ್ಖಾನೆಗೆ ವಾರದಲ್ಲಿ ಮೂರು ದಿನ ತಡವಾಗಿ ಬಂದ ಎನ್ನೋಣ. ಸಂಗತಿ ಕೇಳದ ಸೂಪರ್‌ವೈಸರ್ ಮೆಮೋ ಕೊಡುತ್ತಾನೆ. ಕೇಳುವವನಿಗೆ ಬೆಳಗಿನ ಬಸ್ಸು ನಿಂತುಹೋಗಿದೆ ಎಂದು ತಿಳಿಯುತ್ತದೆ. ಪಾಳಿ ಬದಲಿಸಿದರೆ ಮುಗಿಯಿತು. ಮೊದಲನೆಯ ದಾರಿಯಲ್ಲಿ ಒಂದು ಮನೆಯ ಸಂಬಳ ಹೋಗುತ್ತದೆ, ಕಾರ್ಖಾನೆಗೂ ಕಲಿತ ಆಳೊಬ್ಬ ನಷ್ಟ.

1945ರಲ್ಲಿ ಯುದ್ಧ ಮುಗಿದು ಈ ಸೇವೆ ನಿಂತಿತು. ಆ ಹೊತ್ತಿಗೆ 16,500ಕ್ಕೂ ಹೆಚ್ಚು ಕಾರ್ಖಾನೆಗಳ ಸುಮಾರು 17.5 ಲಕ್ಷ ಜನ ತರಗತಿ ಮುಗಿಸಿದ್ದರು. ಅಮೆರಿಕದವರು ಬೇಗನೆ ಅದನ್ನು ಮರೆತರು. ಸೋತ ಜಪಾನ್ ಹಿಡಿದುಕೊಂಡಿತು. 1950ರ ದಶಕದ ಆರಂಭದಲ್ಲಿ ಟೊಯೋಟಾ ಕಂಪನಿ ಇದನ್ನು ತನ್ನಲ್ಲಿ ಜಾರಿಗೆ ತಂದಿತು. ಅದೇ ಕಂಪನಿಯ ಕಾರು ಕಾರ್ಖಾನೆ 1999ರಲ್ಲಿ ನಮ್ಮ ಬಿಡದಿಯಲ್ಲಿ ಕೆಲಸ ಶುರುಮಾಡಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಅಮೆರಿಕಕ್ಕೂ ಸಲ್ಲುತ್ತದೆ.

ನಮ್ಮ ದೇಶಕ್ಕೂ 1950ರ ದಶಕದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ತಜ್ಞರ ಮೂಲಕ ಈ ತರಬೇತಿ ಬಂತು, ಬಟ್ಟೆ ಗಿರಣಿಗಳನ್ನೂ ಮುಟ್ಟಿತು. 1956ರಲ್ಲಿ ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜು, 1958ರಲ್ಲಿ ರಾಷ್ಟ್ರೀಯ ಉತ್ಪಾದಕತಾ ಮಂಡಳಿ, 1961ರಲ್ಲಿ ಕಲ್ಕತ್ತಾ ಮತ್ತು ಅಹಮದಾಬಾದಿನ ಮ್ಯಾನೇಜ್‌ಮೆಂಟ್ ಸಂಸ್ಥೆಗಳು, 1973ರಲ್ಲಿ ಬೆಂಗಳೂರಿನದು ಹುಟ್ಟಿದವು. ದೊಡ್ಡ ಹುದ್ದೆಯವರಿಗೆ ದೊಡ್ಡ ಶಾಲೆಗಳಾದವು. ಆದರೆ ಹತ್ತಾರು ಜನರ ಮೇಲಿರುವ ಮೇಸ್ತ್ರಿಗೆ ಹತ್ತು ಗಂಟೆಯ ಪಾಠ ಸಿಗದ ಜಾಗಗಳು ಈಗಲೂ ಎಷ್ಟೋ ಇವೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನಮ್ಮ ಶಾಖೆಗೆ ಕಂಪ್ಯೂಟರ್ ಬಂದಾಗ ಕಲಿಸಲು ಬಂದ ತರುಣ ಬಲು ಜಾಣ. ಇಂಗ್ಲಿಷಿನಲ್ಲಿ ಗಡಗಡ ಹೇಳಿ, ತಿಳಿಯಿತೇ ಎಂದ. ಎಲ್ಲರೂ ತಲೆಯಾಡಿಸಿದರು. ಅವನು ಹೋದ ಮೇಲೆ ಯಾರೂ ಕೀಲಿ ಮುಟ್ಟಲಿಲ್ಲ. ಅಲೆನ್ ಹಾಕಿದ ಮೂರನೆಯ ಹೆಜ್ಜೆ, ಕೈಯಿಂದಲೇ ಮಾಡಿಸುವುದು, ಅಲ್ಲಿ ಬಿಟ್ಟುಹೋಗಿತ್ತು.

ಗಡಿಯವರಾದ ನಮಗೆ ಇದು ಹೆಚ್ಚು ತಾಗುತ್ತದೆ. ನಮ್ಮ ಮಕ್ಕಳಿಗೆ ಹೇಳುವ ಸೂಪರ್‌ವೈಸರನ ಮಾತು ಒಂದು ಕಡೆ ತಮಿಳು, ಒಂದು ಕಡೆ ಮರಾಠಿ, ಇನ್ನೊಂದು ಕಡೆ ತೆಲುಗು ಅಥವಾ ಮಲಯಾಳ. ಭಾಷೆ ತಿಳಿಯದ್ದನ್ನು ಬುದ್ಧಿಯಿಲ್ಲದ್ದು ಎಂದು ಎಣಿಸುವವರುಂಟು. ತೋರಿಸಿ, ಮಾಡಿಸಿ ನೋಡುವವನ ಮುಂದೆ ಆ ಕೊರತೆ ಬಹಳ ಮಟ್ಟಿಗೆ ನೀಗುತ್ತದೆ. ಇನ್ನೊಂದು ಮಾತೂ ನಿಜ. ಎರಡು ಭಾಷೆ ಬಲ್ಲ ನಮ್ಮ ಹುಡುಗ ಹುಡುಗಿಯರೇ ನಾಳೆ ಸೂಪರ್‌ವೈಸರುಗಳಾಗುತ್ತಾರೆ. ಎರಡೂ ಕಡೆಯವರ ಮಾತು ತಿಳಿಯುವುದು ಆ ಹುದ್ದೆಗೆ ದೊಡ್ಡ ಬಂಡವಾಳ. ಬಡ್ತಿಯ ಕಾಗದ ಬಂದ ದಿನ ಮನೆಯಲ್ಲಿ ಸಿಹಿ ಹಂಚಿರಿ. ಜೊತೆಗೆ ಒಂದು ಮಾತು ಕಿವಿಯಲ್ಲಿ ಹಾಕಿರಿ: ಇನ್ನು ಮೇಲೆ ಯಂತ್ರದ ಸದ್ದಿನಷ್ಟೇ ಗಮನವಿಟ್ಟು ಜನರ ಮಾತನ್ನೂ ಕೇಳಬೇಕು ಎಂದು.