ಫಾದರ್ ಚಿತ್ರ ಬಿಡಿಸಿದ ಹುಡುಗ



2024ರಲ್ಲಿ ನಮ್ಮ ಧರ್ಮಕೇಂದ್ರದ ಹಬ್ಬಕ್ಕೆ ಒಂದು ವಾರ ಇರುವಾಗ ಸಭಾಂಗಣದ ನೋಟಿಸ್ ಬೋರ್ಡಿನಲ್ಲಿ ಒಂದು ವ್ಯಂಗ್ಯಚಿತ್ರ ಕಾಣಿಸಿಕೊಂಡಿತು. ಪ್ರಬೋಧನೆ ನಡೆಯುತ್ತಿದೆ. ಮುಂದಿನ ಬೆಂಚಿನ ಹಿರಿಯರು ತೂಕಡಿಸುತ್ತಿದ್ದಾರೆ, ಗಾಯನವೃಂದದವರು ಹಾಡಿನ ಪುಸ್ತಕದೊಳಗೆ ಮೊಬೈಲ್ ಇಟ್ಟುಕೊಂಡಿದ್ದಾರೆ, ಫಾದರ್ ಕೈಯಲ್ಲಿರುವ ಹಾಳೆ ಪೀಠದಿಂದ ಇಳಿದು ಬಾಗಿಲವರೆಗೂ ಹೋಗಿದೆ. ಬಿಡಿಸಿದವನು ಒಂಬತ್ತನೇ ತರಗತಿಯ ಹುಡುಗ. ಭಾನುವಾರ ಎರಡನೇ ಪೂಜೆಯ ಹೊತ್ತಿಗೆ ಬೋರ್ಡಿನಲ್ಲಿ ನಾಲ್ಕು ಪಿನ್ನುಗಳು ಮಾತ್ರ ಉಳಿದಿದ್ದವು. ಯಾರು ತೆಗೆದರು ಎಂದು ನಾವು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಆ ಹುಡುಗ ಮಾತ್ರ ಧರ್ಮೋಪದೇಶದ ತರಗತಿಗೆ ಬರುವುದನ್ನು ನಿಲ್ಲಿಸಿದ.

ಆ ವಾರದ ಯುವಜನ ಸಭೆಯಲ್ಲಿ ಜೋರು ಚರ್ಚೆ. ದೇವಾಲಯದ ವಿಷಯದಲ್ಲಿ ತಮಾಷೆ ಸಲ್ಲದು ಎಂದರು ಕೆಲವರು. ಆಗ ನಮ್ಮಲ್ಲೊಬ್ಬರು, "ವ್ಯಾಟಿಕನ್ನಿನ ಪತ್ರಿಕೆಯೇ ಸಿಂಪ್ಸನ್ಸ್ ಕಾರ್ಟೂನನ್ನು ಹೊಗಳಿದೆ, ಗೊತ್ತಾ?" ಎಂದರು. ಯಾರೂ ನಂಬಲಿಲ್ಲ. ಹುಡುಕಿ ನೋಡಿದರೆ ಮಾತು ನಿಜ.

'ದಿ ಸಿಂಪ್ಸನ್ಸ್' 1989ರ ಡಿಸೆಂಬರಿನಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಶುರುವಾಗಿ ಇಂದಿಗೂ ನಡೆಯುತ್ತಿರುವ ಕಾರ್ಟೂನ್ ಧಾರಾವಾಹಿ. ಕಾರ್ಟೂನ್ ಎಂದಮಾತ್ರಕ್ಕೆ ಮಕ್ಕಳಿಗಾಗಿ ಮಾಡಿದ್ದಲ್ಲ, ದೊಡ್ಡವರಿಗೆ. ಸೋಮಾರಿ ಅಪ್ಪ ಹೋಮರ್, ತಾಳ್ಮೆಯ ಅಮ್ಮ ಮಾರ್ಜ್, ತುಂಟ ಬಾರ್ಟ್, ಜಾಣೆ ಲೀಸಾ, ಕೂಸು ಮ್ಯಾಗಿ. ಜಗಳವಾಡುತ್ತಲೇ ಭಾನುವಾರ ಎಲ್ಲರೂ ಒಟ್ಟಿಗೆ ಚರ್ಚಿಗೆ ಹೋಗುವ ಸಂಸಾರ. 2005ರ ಮೇ 15ರಂದು ಪ್ರಸಾರವಾದ 'ದಿ ಫಾದರ್, ದಿ ಸನ್ ಅಂಡ್ ದಿ ಹೋಲಿ ಗೆಸ್ಟ್ ಸ್ಟಾರ್' ಎಂಬ ಕಂತಿನಲ್ಲಿ ಶಾಲೆಯಿಂದ ಹೊರಹಾಕಲ್ಪಟ್ಟ ಬಾರ್ಟ್ ಕಥೋಲಿಕ ಶಾಲೆಗೆ ಸೇರುತ್ತಾನೆ. ಅಲ್ಲಿನ ಫಾದರ್ ಶಾನ್ ಅವನ ಮನಸ್ಸು ಗೆಲ್ಲುತ್ತಾರೆ. ಮಗನನ್ನು ಬಿಡಿಸಿಕೊಂಡು ಬರಲು ಹೋದ ಹೋಮರ್ ತಾನೇ ಕಥೋಲಿಕನಾಗಲು ಹೊರಡುತ್ತಾನೆ. ಪ್ರಾಟೆಸ್ಟಂಟರಾದ ಮಾರ್ಜ್ ಮತ್ತು ನೆರೆಯವರು ಅವರನ್ನು ಎಳೆದು ತರಲು ಬರುತ್ತಾರೆ. ಎರಡೂ ಕಡೆಯವರು ಕೈಕೈ ಮಿಲಾಯಿಸುವ ಹಂತದಲ್ಲಿ ಬಾರ್ಟ್ ನಡುವೆ ನಿಂತು, ನಮ್ಮಲ್ಲಿರುವ ವ್ಯತ್ಯಾಸ ಅಲ್ಪ, ಒಂದೇ ಆಗಿರುವುದೇ ಹೆಚ್ಚು ಎಂದು ಬುದ್ಧಿ ಹೇಳುತ್ತಾನೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸಾವಿರ ವರ್ಷಗಳ ನಂತರ ಬಾರ್ಟ್‌ನ ಶಿಷ್ಯರು ಎರಡು ಪಂಗಡವಾಗಿ, ಅವನು ಬೋಧಿಸಿದ್ದು ಪ್ರೀತಿ ಸಹನೆಯೋ ಶಾಂತಿ ಸೌಹಾರ್ದವೋ ಎಂದು ಯುದ್ಧ ಮಾಡುತ್ತಿರುತ್ತಾರೆ! ಈ ಕಂತು ಏಪ್ರಿಲ್‌ನಲ್ಲೇ ಬರಬೇಕಿತ್ತು. ಏಪ್ರಿಲ್ 2ರಂದು ಎರಡನೇ ಜಾನ್ ಪಾಲ್ ಜಗದ್ಗುರುಗಳು ತೀರಿಕೊಂಡ ಕಾರಣ ವಾಹಿನಿಯವರು ಅದನ್ನು ಮುಂದೂಡಿದರು.

ಐದು ವರ್ಷಗಳ ನಂತರ, 2010ರ ಅಕ್ಟೋಬರಿನಲ್ಲಿ, ವ್ಯಾಟಿಕನ್ನಿನ ಪತ್ರಿಕೆ 'ಲೊಸ್ಸೆರ್ವತೋರೆ ರೊಮಾನೊ' ಇದೇ ಕಂತಿನ ಬಗ್ಗೆ ಯೇಸುಸಭೆಯ ಗುರುಗಳೊಬ್ಬರು ಬರೆದಿದ್ದ ವಿಶ್ಲೇಷಣೆಯನ್ನು ಆಧರಿಸಿ, ಹೋಮರ್ ಮತ್ತು ಬಾರ್ಟ್ ಕಥೋಲಿಕರು ಎಂಬ ಅರ್ಥದ ಲೇಖನವನ್ನೇ ಪ್ರಕಟಿಸಿತು. ಊಟಕ್ಕೆ ಮುಂಚೆ ಪ್ರಾರ್ಥಿಸುವ ಟಿವಿ ಸಂಸಾರ ಬೇರೆ ಎಲ್ಲಿದೆ ಎಂಬುದು ಅದರ ಧಾಟಿ. ಇದರಿಂದ ಇಡೀ ಧಾರಾವಾಹಿಗೆ ಮುದ್ರೆ ಬಿದ್ದಂತೆ ಅಲ್ಲ. ಅದರಲ್ಲಿ ಒರಟು ತಮಾಷೆಗಳೂ ಬೇಕಾದಷ್ಟಿವೆ.

ಇದೇ ಹೋಮರ್ 2006ರ ಏಪ್ರಿಲ್ 9ರ ಕಂತಿನಲ್ಲಿ ಬೆಂಗಳೂರಿಗೂ ಬಂದಿದ್ದಾನೆ. ಅಣುವಿದ್ಯುತ್ ಸ್ಥಾವರದ ಕೆಲಸ ಅಗ್ಗವಾಗಿ ಆಗಲೆಂದು ಮಾಲೀಕ ಅದನ್ನು ಇಲ್ಲಿಗೆ ಸಾಗಿಸುತ್ತಾನೆ. ನಮ್ಮ ಜನರಿಗೆ ತರಬೇತಿ ಕೊಡಲು ಬಂದ ಹೋಮರ್ ದೇವರಾಗಿ ಪೀಠದ ಮೇಲೆ ಕೂರುತ್ತಾನೆ. ಇದನ್ನೂ ನಾವು ನೋಡಿದೆವು. ಮೊದಲನೆಯದಕ್ಕೆ ಬಂದಷ್ಟು ನಗು ಇದಕ್ಕೆ ಬರಲಿಲ್ಲ. ಮೊದಲನೆಯದರಲ್ಲಿ ಅವರು ತಮ್ಮ ಬೆಂಚಿನಲ್ಲೇ ಕೂತು ತಮ್ಮನ್ನೇ ನೋಡಿ ನಗುತ್ತಾರೆ. ಇಲ್ಲಿ ನಮ್ಮ ಊರನ್ನು ದೂರದಿಂದ ನೋಡಿ ನಗುತ್ತಾರೆ. ನಮ್ಮ ಚರ್ಚೆಗೆ ಬೇಕಾದ ಎಳೆ ಅಲ್ಲಿ ಸಿಕ್ಕಿತು. ಅದನ್ನು ಹಿಡಿದುಕೊಂಡೇ ಗೋವೆಗೆ ಹೋದೆವು.

ಹೋದದ್ದು ಯಾತ್ರೆಗೆ. ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಶರೀರದ ದರ್ಶನ ಹತ್ತು ವರ್ಷಕ್ಕೊಮ್ಮೆ. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಹಳೇ ಗೋವೆಯ ಸೆ ಕಥೀಡ್ರಲಿನಲ್ಲಿ ಅದು ನಡೆಯಿತು. ಸಾಲಿನಲ್ಲಿ ನಿಂತು, ದರ್ಶನ ಮಾಡಿ, ಮರುದಿನ ಬಸ್ಸನ್ನು ಮಡಗಾಂವ್ ಕಡೆ ತಿರುಗಿಸಿದೆವು. ಅಲ್ಲಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ ಒಂದು ಹಳ್ಳಿ. ನಕ್ಷೆಯಲ್ಲಿ ಲೌಟೋಲಿಂ, ಊರವರ ಬಾಯಲ್ಲಿ ಲೊಟ್ಲಿ. ಲೋಕರಕ್ಷಕರ ದೇವಾಲಯ, ಮರಗಳು, ಹಂಚಿನ ಮಾಡಿನ ದೊಡ್ಡ ದೊಡ್ಡ ಮನೆಗಳು. ಆ ಮನೆಗಳಲ್ಲೊಂದು ಮಾರಿಯೊ ಮಿರಾಂಡಾ ಅವರದು.

ಮಾರಿಯೊ ಹೆಸರು ಗೊತ್ತಿಲ್ಲದವರೂ ಅವರ ಚಿತ್ರ ನೋಡಿರುತ್ತೀರಿ. ಗೋವೆಯಿಂದ ತರುವ ಮಗ್ಗು, ಟೈಲ್ಸು, ಫ್ರಿಜ್ ಮ್ಯಾಗ್ನೆಟ್ಟುಗಳ ಮೇಲೆ ಒತ್ತೊತ್ತಾಗಿ ತುಂಬಿರುವ ಆ ಜನಸಂದಣಿ: ಸೈಕಲ್ಲಿನ ಪಾವ್‌ವಾಲಾ, ಬ್ಯಾಂಡ್‌ನವರು, ಮೀನು ಮಾರುವ ಹೆಂಗಸು, ನಿಲುವಂಗಿಯ ಫಾದರ್, ಎಲ್ಲರ ಕಾಲಡಿಯಲ್ಲಿ ಒಂದು ನಾಯಿ. ಹುಟ್ಟಿದ್ದು 1926ರ ಮೇ 2ರಂದು ದಮನ್‌ನಲ್ಲಿ. ಚಿಕ್ಕವನಿದ್ದಾಗ ಮನೆಯ ಗೋಡೆಯ ಮೇಲೆಲ್ಲ ಚಿತ್ರ ಬಿಡಿಸುತ್ತಿದ್ದ. ಅದನ್ನು ಕಂಡ ತಾಯಿ ಒಂದು ಖಾಲಿ ಪುಸ್ತಕ ತಂದುಕೊಟ್ಟರು. ಅದಕ್ಕೆ ಅವನು ಡೈರಿ ಎಂದು ಹೆಸರಿಟ್ಟ. ಓದಿದ್ದು ಎಲ್ಲಿ ಬಲ್ಲಿರಾ? ನಮ್ಮ ಬೆಂಗಳೂರಿನ ಸಂತ ಜೋಸೆಫರ ಬಾಲಕರ ಪ್ರೌಢಶಾಲೆಯಲ್ಲಿ! ಶಾಲಾದಿನಗಳಲ್ಲಿ ಗುರುಗಳ ಚಿತ್ರ ಬಿಡಿಸಿ ತೊಂದರೆಗೆ ಸಿಕ್ಕಿಕೊಂಡದ್ದೂ ಉಂಟು. ಇದನ್ನು ಬಸ್ಸಿನಲ್ಲಿ ಓದಿ ಹೇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮುಂದೆ ಮುಂಬಯಿಯ ಸಂತ ಝೇವಿಯರ್ ಕಾಲೇಜಿನಲ್ಲಿ ಇತಿಹಾಸದಲ್ಲಿ ಬಿ.ಎ. ಚಿತ್ರಕಲೆಯನ್ನು ಶಾಲೆಗೆ ಹೋಗಿ ಕಲಿತವರಲ್ಲ. ಆದರೆ ಡೈರಿ ಬಿಡಲಿಲ್ಲ. 1949, 1950, 1951ರ ಡೈರಿಗಳು ಈಗ ಪುಸ್ತಕಗಳಾಗಿ ಬಂದಿವೆ. ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಅವರು ಹೊರತಂದದ್ದು. ಇಪ್ಪತ್ತೈದರ ಆಸುಪಾಸಿನ ತರುಣ ತನ್ನ ಊರಿನ ಮದುವೆ, ಹಬ್ಬ, ನೃತ್ಯಕೂಟ, ನೆಂಟರಿಷ್ಟರು, ಚರ್ಚಿನ ಮುಂದಿನ ಹರಟೆ, ಎಲ್ಲವನ್ನೂ ಚಿತ್ರದಲ್ಲಿ ಇಳಿಸಿದ್ದಾನೆ. ಪುಟ ತಿರುಗಿಸುತ್ತ ಹೋದರೆ ಕಾರ್ಟೂನ್ ಧಾರಾವಾಹಿಯೊಂದರ ಕಂತುಗಳನ್ನು ನೋಡಿದಂತೆಯೇ. ಅವೇ ಪಾತ್ರಗಳು, ದಿನಕ್ಕೊಂದು ಹೊಸ ಪೇಚು. ಸಿಂಪ್ಸನ್ಸ್ ಹುಟ್ಟಲು ಆಗ ಇನ್ನೂ ನಲವತ್ತು ವರ್ಷ ಬಾಕಿ ಇತ್ತು.

ಆ ನಗು ಗೋವೆಯಲ್ಲಿ ಸುಲಭಕ್ಕೆ ಬಂದದ್ದಲ್ಲ. 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಅಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಾಲಯ ಇತ್ತು. 1736ರ ಅದರ ಆಜ್ಞೆಯೊಂದು ಮದುವೆಮನೆಯ ಓವಿ ಹಾಡುಗಳನ್ನೂ ಹಳೆಯ ಸಂಪ್ರದಾಯಗಳನ್ನೂ ನಿಷೇಧಿಸಿತು. ಮದುವೆಗೆ ವೀಳ್ಯ ಕಳಿಸುವುದೂ ತಪ್ಪಾಗಿತ್ತು. ನಮ್ಮಲ್ಲಿ ಹಲವರ ಹಿರಿಯರು ಗೋವೆಯಿಂದ ಇಳಿದುಬಂದವರು. ಮನೆಯ ಮದುವೆಗಳಲ್ಲಿ ಇಂದಿಗೂ ಹಾಡುವ ಅಜ್ಜಿಯಂದಿರಿಗೆ ಈ ವಿಷಯ ಹೇಳಿದರೆ ನಂಬುವುದಿಲ್ಲ. ಇದು ನಮ್ಮ ಸಭೆಯ ಚರಿತ್ರೆಯದೇ ಪುಟ, ಹರಿದುಹಾಕಲು ಬರುವುದಿಲ್ಲ.

ಕೊಂಕಣಿ ಜನರ ನಗು ರಂಗದ ಮೇಲೆ ಬಂದದ್ದೂ ಗೋವೆಯಲ್ಲಲ್ಲ, ದುಡಿಯಲು ಹೋದ ಬೊಂಬಾಯಿಯಲ್ಲಿ. 1892ರ ಏಪ್ರಿಲ್ 17ರಂದು 'ಇಟಾಲಿಯನ್ ಭುರ್ಗೊ' ಎಂಬ ಮೊದಲ ತಿಯಾತ್ರ್ ಅಲ್ಲಿ ಆಡಲ್ಪಟ್ಟಿತು. ಸಂಸಾರದ ಕಥೆ, ನಡುನಡುವೆ ಕುಟುಕುವ ಹಾಡುಗಳು. ತಿಯಾತ್ರಿನ ಪಿತಾಮಹರೆನಿಸಿದ ಜೊವಾಂವ್ ಅಗೊಸ್ತಿನ್ಹೊ ಫೆರ್ನಾಂಡಿಸ್ ಅವರ 'ಭಾಟ್ಕಾರ್' ನಾಟಕ ಜಮೀನ್ದಾರರನ್ನೇ ಕಟಕಿಯಾಡಿತು. ಅವರ ಪತ್ನಿ ರೆಜೀನಾ 1904ರಲ್ಲಿ ರಂಗವೇರಿದ ಮೊದಲ ಹೆಣ್ಣುಮಗಳು.

ಮಾರಿಯೊ ಡೈರಿ ಬರೆಯುವಾಗಲೂ ಗೋವೆಯಲ್ಲಿ ಸಲಜಾರನ ಪೋರ್ಚುಗೀಸ್ ಆಡಳಿತವೇ. ಪತ್ರಿಕೆ ಅಚ್ಚಾಗುವ ಮುನ್ನ ಸೆನ್ಸಾರಿನವರ ಕಣ್ಣು ದಾಟಬೇಕಿತ್ತು. ಖಾಸಗಿ ಪುಸ್ತಕಕ್ಕೆ ಸೆನ್ಸಾರ್ ಇಲ್ಲ. ಅಲ್ಲಿ ಫಾದರನ್ನೂ, ಸಿರಿವಂತ ಬಂಧುವನ್ನೂ, ತನ್ನನ್ನೂ ಒಂದೇ ಗೆರೆಯಲ್ಲಿ ನಗಿಸಬಹುದಿತ್ತು. ಅವರ ಚಿತ್ರದ ಫಾದರುಗಳನ್ನು ಗಮನಿಸಿ. ದಪ್ಪ ಹೊಟ್ಟೆ, ಛತ್ರಿ, ಸ್ವಲ್ಪ ಗತ್ತು. ಆದರೂ ಊರಿನ ಗುಂಪಿನೊಳಗೇ ಇರುತ್ತಾರೆ, ಅವರನ್ನು ತೆಗೆದರೆ ಚಿತ್ರವೇ ಖಾಲಿ.

ನಂತರದ್ದು ನಿಮಗೆ ಎಲ್ಲಿ ಬೇಕಾದರೂ ಸಿಗುತ್ತದೆ: ಗುಲ್ಬೆಂಕಿಯನ್ ವಿದ್ಯಾರ್ಥಿವೇತನದಲ್ಲಿ ಪೋರ್ಚುಗಲ್, ಐದು ವರ್ಷ ಲಂಡನ್, 'ಪಂಚ್' ಪತ್ರಿಕೆ, ಮರಳಿ ಬಂದು ಟೈಮ್ಸ್ ಬಳಗದಲ್ಲಿ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣರ ಜೊತೆ ಕೆಲಸ, 1974ರಲ್ಲಿ ಅಮೆರಿಕ ಪ್ರವಾಸ. ಅಲ್ಲಿ 'ಪೀನಟ್ಸ್' ಬರೆದ ಚಾರ್ಲ್ಸ್ ಶುಲ್ಜರನ್ನು ಭೇಟಿಯಾದರು. 1988ರಲ್ಲಿ ಪದ್ಮಶ್ರೀ, 2002ರಲ್ಲಿ ಪದ್ಮಭೂಷಣ, ತೀರಿಕೊಂಡ ಮೇಲೆ 2012ರಲ್ಲಿ ಪದ್ಮವಿಭೂಷಣ. ಶ್ಯಾಮ್ ಬೆನಗಲ್ ಅವರ 'ತ್ರಿಕಾಲ್' ಚಿತ್ರ ಲೊಟ್ಲಿಯ ಇದೇ ಮನೆಯಲ್ಲಿ ತಯಾರಾಯಿತು. ಕೊನೆಗೆ ಮಾರಿಯೊ ಅದೇ ಊರಿಗೆ ಬಂದು ನೆಲೆಸಿ, 2011ರ ಡಿಸೆಂಬರ್ 11ರಂದು ಅಲ್ಲೇ ಕಣ್ಣುಮುಚ್ಚಿದರು.

ಎಲ್ಲವನ್ನೂ ಮೆಚ್ಚಬೇಕಾಗಿಲ್ಲ. ಅವರ ಮಿಸ್ ನಿಂಬೂಪಾನಿ, ಮಿಸ್ ಫೊನ್ಸೆಕಾ ಚಿತ್ರಗಳನ್ನು ಪಣಜಿಯ ಅಂಗಡಿಯಲ್ಲಿ ನೋಡಿದಾಗ ನಮ್ಮ ಹುಡುಗಿಯರು, "ಗಂಡಸರಿಗೆ ಮುಖ ಬಿಡಿಸುತ್ತಾರೆ, ಹೆಂಗಸರಿಗೆ ಬರೀ ಮೈಯಾ?" ಎಂದು ಕೇಳಿದರು. ಉತ್ತರ ನಮ್ಮ ಬಳಿ ಇರಲಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ನಗುವವನು ಒಳಗಿನವನೋ ಹೊರಗಿನವನೋ ಎಂಬ ಲೆಕ್ಕ ಒಂದು ಊರಿನೊಳಗೂ ಇದೆ ಎಂದಾಯಿತು. ಮೀನು ಮಾರುವ ಹೆಂಗಸು ತಾನೇ ಡೈರಿ ಬಿಡಿಸಿದ್ದರೆ ಮಿರಾಂಡಾ ಮನೆಯವರು ಹೇಗೆ ಕಾಣುತ್ತಿದ್ದರೋ!

ಅದೇ ಅಂಗಡಿಯಲ್ಲಿ ಮಾರಿಯೊ ಚಿತ್ರದ ರಟ್ಟು ಹಾಕಿದ ಒಂದು ಪುಸ್ತಕ ಇತ್ತು, ಒಳಗೆ ಎಲ್ಲಾ ಖಾಲಿ ಹಾಳೆ. ತಲಾ ಇಪ್ಪತ್ತು ರೂಪಾಯಿ ಹಾಕಿ ಕೊಂಡೆವು. ಊರಿಗೆ ಬಂದ ಮೇಲೆ ಆ ಹುಡುಗನ ಮನೆಗೆ ಹೋದೆವು. ಅವನ ಅಮ್ಮ ಚಹಾ ಕೊಟ್ಟರು. ಅವನು ಪುಸ್ತಕ ತೆಗೆದುಕೊಂಡು ಎರಡೂ ಬದಿ ತಿರುಗಿಸಿ ನೋಡಿದ, ಏನೂ ಹೇಳಲಿಲ್ಲ. ಫಾದರಿಗೂ ವಿಷಯ ತಿಳಿಸಿದ್ದೆವು. "ನನ್ನ ಹಾಳೆ ಅಷ್ಟು ಉದ್ದ ಇರುತ್ತಾ?" ಎಂದು ಕೇಳಿದರು. ಇರುತ್ತದೆ ಫಾದರ್ ಎಂದೆವು.

ಮುಂದಿನ ಭಾನುವಾರ ಹುಡುಗ ತರಗತಿಗೆ ಬಂದ. ಹಿಂದಿನ ಬೆಂಚಿನಲ್ಲಿ ಕೂತಿದ್ದ, ಪುಸ್ತಕ ಮಡಿಲಲ್ಲಿತ್ತು.