ಪ್ರಾಣಿಗಳ ಮೂಳೆಚಿತ್ರಗಳು

ಪ್ರಾಣಿಗಳ ಮೂಳೆಗಳನ್ನು ಗುರುತಿಸಲು ನೆರವಾಗುವ ಆಕರಚಿತ್ರಗಳ ಮುದ್ರಿತ ಇತಿಹಾಸ ಯುರೋಪಿನಲ್ಲಿ ಹದಿನಾರನೆಯ ಶತಮಾನದಿಂದ ಸಿಗುತ್ತದೆ. ಫ್ರಾನ್ಸಿನ ಪಿಯರ್ ಬೆಲೋನ್ 1555ರ ತನ್ನ ಪಕ್ಷಿಗ್ರಂಥದಲ್ಲಿ ಮನುಷ್ಯನ ಮತ್ತು ಹಕ್ಕಿಯ ಅಸ್ಥಿಪಂಜರಗಳನ್ನು ಅಕ್ಕಪಕ್ಕ ನಿಲ್ಲಿಸಿ, ಪರಸ್ಪರ ಹೊಂದುವ ಮೂಳೆಗಳಿಗೆ ಒಂದೇ ಅಕ್ಷರ ಕೊಟ್ಟ. 1598ರಲ್ಲಿ ಬೊಲೊನ್ಯದಲ್ಲಿ ಅಚ್ಚಾದ ಕಾರ್ಲೋ ರುಯಿನಿಯ ಗ್ರಂಥ ಇಡಿಯಾಗಿ ಕುದುರೆಗೇ ಮೀಸಲು. ಅದು ಎಷ್ಟು ಹೆಸರಾಯಿತೆಂದರೆ, 1683ರಲ್ಲಿ ಇಂಗ್ಲೆಂಡಿನ ಆಂಡ್ರೂ ಸ್ನೇಪ್ ಹೊರತಂದ ಪುಸ್ತಕದ ಬಹುಪಾಲು ಚಿತ್ರಗಳು ಅದರ ನಕಲೇ. ಮೂಳೆಯನ್ನು ಬಿಟ್ಟು ಹಳೆಯ ಚಿತ್ರವನ್ನೇ ನೋಡಿ ಬರೆಯುವ ಈ ಚಾಳಿ ಬಹುಕಾಲ ನಡೆಯಿತು.

ಇದಕ್ಕೆ ಬೆನ್ನು ತಿರುಗಿಸಿದವರಲ್ಲಿ ಮುಖ್ಯನಾದವನು ಚಿತ್ರಕಾರ ಜಾರ್ಜ್ ಸ್ಟಬ್ಸ್. 1750ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಹಾರ್ಕ್‌ಸ್ಟೋ ಎಂಬ ಹಳ್ಳಿಯ ತೋಟದಮನೆಯಲ್ಲಿ ಸುಮಾರು ಹದಿನೆಂಟು ತಿಂಗಳು ಆತ ಸತ್ತ ಕುದುರೆಗಳ ನಡುವೆಯೇ ಕಳೆದ. ರಕ್ತನಾಳಗಳಿಗೆ ಕೊಬ್ಬು ತುಂಬಿ, ಚಾವಣಿಯ ಕಬ್ಬಿಣದ ಸರಳಿಗೆ ಕೊಕ್ಕೆಗಳಿಂದ ದೇಹವನ್ನು ತೂಗುಹಾಕಿ, ಗೊರಸುಗಳನ್ನು ಹಲಗೆಯ ಮೇಲೆ ಊರಿಸಿ, ನಡೆಯುತ್ತಿರುವ ಭಂಗಿಯಲ್ಲಿ ನಿಲ್ಲಿಸುತ್ತಿದ್ದ. ಆಮೇಲೆ ಚರ್ಮ, ಸ್ನಾಯುಗಳನ್ನು ಪದರಪದರವಾಗಿ ಬಿಡಿಸುತ್ತ ಮೂಳೆಯವರೆಗೆ ಬರೆದ. ಆ ವಾಸನೆಯನ್ನು ಸಹಿಸಿದ ಮನೆಯವರ ತಾಳ್ಮೆಯನ್ನೂ ಇಲ್ಲಿ ನೆನೆಯಬೇಕು. ಕೆತ್ತನೆಗಾರರು ಯಾರೂ ಒಪ್ಪದಿದ್ದಾಗ ಫಲಕಗಳನ್ನು ತಾನೇ ಕೆತ್ತಿ 1766ರಲ್ಲಿ ಪ್ರಕಟಿಸಿದ. ಪಕ್ಕದಿಂದ, ಎದುರಿನಿಂದ, ಹಿಂದಿನಿಂದ ಎಂದು ಅಸ್ಥಿಪಂಜರವನ್ನು ಮೂರು ನೋಟಗಳಲ್ಲಿ ತೋರಿಸಿದ್ದೇ ಆ ಪುಸ್ತಕದ ದೊಡ್ಡ ಗುಣ. ಒಂದೇ ನೋಟದ ಚಿತ್ರ ಎಷ್ಟೇ ಸುಂದರವಾಗಿದ್ದರೂ ಕೈಯಲ್ಲಿರುವ ಮೂಳೆಯನ್ನು ಗುರುತಿಸಲು ಅರ್ಧ ಉಪಯೋಗದ್ದು.

ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕುವಿಯೆ ಪಳೆಯುಳಿಕೆಗಳನ್ನು ಜೀವಂತ ಪ್ರಾಣಿಗಳ ಮೂಳೆಗಳೊಡನೆ ಹೋಲಿಸಿದ. ಅದೇ ದೇಶದ ಪ್ರಾಣಿಶಾಸ್ತ್ರಜ್ಞ ಬ್ಲೆನ್‌ವಿಲ್ ಶಿಲಾಮುದ್ರಣದ ದೊಡ್ಡ ಫಲಕಗಳನ್ನು ಹೊರತಂದ. ಉತ್ಖನನಕಾರರಿಗೆ ಬೇಕಾಗಿದ್ದ ಪುಸ್ತಕ ಬಂದದ್ದು 1972ರಲ್ಲಿ. ಎಲಿಸಬೆತ್ ಶ್ಮಿಡ್ ಅವರ ಆ ಅಟ್ಲಾಸ್ ಒಂದೇ ಮೂಳೆ ಬೇರೆಬೇರೆ ಪ್ರಾಣಿಗಳಲ್ಲಿ ಹೇಗಿರುತ್ತದೆ ಎಂಬುದನ್ನು ಒಟ್ಟಿಗೆ ಇಟ್ಟು ತೋರಿಸುತ್ತದೆ.

ಇಂಥ ಹೋಲಿಕೆಯ ಕಷ್ಟಕ್ಕೆ ಹಾವೇರಿ ಜಿಲ್ಲೆಯ ಹಳ್ಳೂರು ಒಳ್ಳೆಯ ನಿದರ್ಶನ. ಎಂ. ಎಸ್. ನಾಗರಾಜರಾವ್ ಅವರ ಉತ್ಖನನದಲ್ಲಿ ದೊರೆತ ಕೆಲವು ಮೂಳೆಗಳು ಕುದುರೆಯವೆಂದು ಪಶುವೈದ್ಯ ಕೆ. ಆರ್. ಆಲೂರರು 1971ರಲ್ಲಿ ಗುರುತಿಸಿದಾಗ ದೀರ್ಘ ವಿವಾದವೇ ಎದ್ದಿತು. ಕುದುರೆ, ಕತ್ತೆ, ಕಾಡುಕತ್ತೆಗಳ ಕಾಲಿನ ಮೂಳೆಗಳ ಆಕಾರ ಬಹಳ ಹತ್ತಿರ. ಅಳತೆ ಮತ್ತು ಪ್ರಮಾಣಗಳನ್ನು ನೋಡಿಯೇ ನಿರ್ಣಯಿಸಬೇಕು. ಆದ್ದರಿಂದಲೇ ಪ್ರಾಣಿ ಅವಶೇಷಗಳ ಪ್ರಯೋಗಾಲಯಗಳು ಚಿತ್ರಗಳ ಜೊತೆಗೆ ನಿಜವಾದ ಮೂಳೆಗಳ ಸಂಗ್ರಹವನ್ನೂ ಇಟ್ಟುಕೊಂಡಿರುತ್ತವೆ.