ಶ್ರೀಗಂಧತೈಲವೂ ಸೋಸಲೆ ಗರಳಪುರಿ ಶಾಸ್ತ್ರಿಗಳೂ

ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ದತ್ತಪಾದುಕೆಗಳಿಗೆ ಗಂಧಲೇಪನವಾಗುವುದು; ಆಳಂದದ ದರ್ಗೆಯ ಉರುಸಿನಲ್ಲಿ ‘ಸಂದಲ್’ ಎಂಬ ವಿಧಿಯುಂಟು; ಜೇವರ್ಗಿಯ ಅಂಗಡಿಗಳಲ್ಲಿ ಅದೇ ಚಂದನವು ಸಾಬೂನಿನ ರೂಪದಲ್ಲಿ ದೊರೆಯುವುದು. ದೇವರ ಸೇವೆಗೆ ತೇಯ್ದ ಗಂಧವು ಬಚ್ಚಲಮನೆಯವರೆಗೆ ಬಂದ ಬಗೆಯನ್ನು ವಿಚಾರಿಸುವಾಗ ಒಬ್ಬ ರಸಾಯನಜ್ಞನ ಹೆಸರನ್ನು ನೆನೆಯದೆ ಗತ್ಯಂತರವಿಲ್ಲ.

1914ಕ್ಕೆ ಮೊದಲು ಮೈಸೂರು ಸೀಮೆಯ ಶ್ರೀಗಂಧದ ಕೊರಡುಗಳು ಬಹುಮಟ್ಟಿಗೆ ಪರದೇಶಕ್ಕೆ ಹೋಗಿ, ಜರ್ಮನಿಯೇ ಮೊದಲಾದೆಡೆಗಳಲ್ಲಿ ತೈಲವಾಗುತ್ತಿದ್ದುವು. ಮಹಾಯುದ್ಧವು ಆ ಮಾರ್ಗವನ್ನು ಮುಚ್ಚಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ, ವಾಟ್ಸನ್ ಎಂಬ ವಿದ್ವಾಂಸರು ತೈಲವನ್ನು ಇಳಿಸಿ ತೋರಿಸಿದರು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1916ರಲ್ಲಿ, ಸರ್ಕಾರವೇ ಆ ಉದ್ಯಮವನ್ನು ಕೈಗೊಂಡಿತು.

ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ದೊರೆಯ ಔದಾರ್ಯವೂ ದಿವಾನರ ದೂರದೃಷ್ಟಿಯೂ ಕೀರ್ತಿಯನ್ನು ಪಡೆದುವು. ಸೋಸಲೆ ಗರಳಪುರಿ ಶಾಸ್ತ್ರಿಗಳಿಗೆ ಉಳಿದದ್ದು ‘ಸೋಪ್ ಶಾಸ್ತ್ರಿ’ ಎಂಬ ಅಡ್ಡಹೆಸರು. (ಗರಳಪುರಿಯೆಂಬುದು ನಂಜನಗೂಡಿನ ಸಂಸ್ಕೃತನಾಮವಷ್ಟೆ.) ಈ ಹಂಚಿಕೆಯು ನ್ಯಾಯವಾಗಿ ನನಗೆ ತೋರುವುದಿಲ್ಲ.

ಸಾಬೂನಿನ ವಿದ್ಯೆಯನ್ನು ಕಲಿಯಲು ಅವರು ಇಂಗ್ಲೆಂಡಿಗೆ ಹೋದರು. ಆದರೆ ಅಲ್ಲಿಂದ ತಂದ ವಿದ್ಯೆಯೊಂದೇ ಇಲ್ಲಿ ಸಾಲದು. ಕೊಬ್ಬು ಅಥವಾ ಎಣ್ಣೆಯನ್ನು ದಾಹಕಕ್ಷಾರದೊಡನೆ ಕುದಿಸಿದರೆ ಸಾಬೂನೂ ಗ್ಲಿಸರೀನೂ ಹುಟ್ಟುವುವು. ಅಳಿದುಳಿದ ಕ್ಷಾರವು ಅನೇಕ ಪುಷ್ಪಗಂಧಗಳನ್ನು, ವಿಶೇಷವಾಗಿ ಎಸ್ಟರ್ ಜಾತಿಯವನ್ನು, ಒಡೆದು ಕೆಡಿಸುವುದು. ಶ್ರೀಗಂಧತೈಲದ ಪ್ರಧಾನದ್ರವ್ಯವಾದ ಸ್ಯಾಂಟಲಾಲ್ ಆಲ್ಕೊಹಾಲ್ ವರ್ಗದ್ದು. ಕ್ಷಾರಕ್ಕೆ ಸುಲಭವಾಗಿ ಮಣಿಯದು, ಬೇಗನೆ ಆವಿಯಾಗದು. ಈ ಗುಣದಲ್ಲಿಯೇ ಒಂದು ದೋಷವಿದೆ: ಅದು ಮೂಗಿಗೆ ನಿಧಾನವಾಗಿ ತಾಗುವುದು. ಆದಕಾರಣ ಚುರುಕಾದ ಅನ್ಯಗಂಧಗಳನ್ನು ಹದವರಿತು ಬೆರಸಬೇಕು. ಹೆಚ್ಚಾದರೆ ಚಂದನವೇ ಮರೆಯಾಗುವುದು. ಲಾವಂಚ, ಪಚೋಲಿ, ಜೆರೇನಿಯಂಗಳ ಸಾರಗಳು ಇಂತಹ ಮಿಶ್ರಣಕ್ಕೆ ಒದಗತಕ್ಕವು. ಗಂಧವು ಪೃಥ್ವಿಯ ಗುಣವೆಂದು ತರ್ಕಶಾಲೆಯಲ್ಲಿ ಬಾಯಿಪಾಠ ಮಾಡಿದ ನಮಗೆ, ಆ ಗುಣವನ್ನು ತೂಗಿ ಅಳೆಯುವವರ ಶ್ರಮವು ಬೇಗ ಹೊಳೆಯದು. ಶಾಸ್ತ್ರಿಗಳು ಸ್ವದೇಶಕ್ಕೆ ಬಂದು ಸಾಧಿಸಿದ್ದು ಈ ಹದವನ್ನು. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯು ನೆಲೆಗೊಂಡಿತು. ತೈಲದ ಎರಡನೆಯ ಕಾರ್ಖಾನೆಯು ಶಿವಮೊಗ್ಗೆಯಲ್ಲಿ 1944ರಲ್ಲಿ ಆಯಿತು.

ಬಿಲ್ಲೆಯ ಅಂಡಾಕಾರವನ್ನೂ, ಒಡವೆಯ ಪೆಟ್ಟಿಗೆಯಂತಹ ಹೊದಿಕೆಯನ್ನೂ, ‘ಶರಭ’ಮುದ್ರೆಯನ್ನೂ ಅವರೇ ಯೋಜಿಸಿದರೆಂದು ಪ್ರಸಿದ್ಧಿ. ಪುರಾಣಗಳ ಶರಭವು ಎಂಟು ಕಾಲುಗಳುಳ್ಳದ್ದು, ಸಿಂಹವನ್ನೂ ಮರ್ದಿಸತಕ್ಕದ್ದು; ಪೆಟ್ಟಿಗೆಯ ಮೇಲಿರುವುದಾದರೋ ಆನೆಯ ತಲೆಯ ಸಿಂಹ. ಶಿಲ್ಪಶಾಸ್ತ್ರವನ್ನು ಬಲ್ಲವರು ಅದನ್ನು ಗಜಸಿಂಹವೆಂದಾರು. ಆ ಒಂದು ವಿಷಯದಲ್ಲಿ ಮಾತ್ರ ಶಾಸ್ತ್ರಿಗಳೊಡನೆ ನನಗೆ ವಾದವುಂಟು.